ಗಣಕಯಂತ್ರದ ಪೆಟ್ಟಿಗೆಯನ್ನು ಕುರಿತು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಾಹಿತ್ಯ, ಇತಿಹಾಸ, ರಾಷ್ಟ್ರಹಿತ, ವಿದ್ಯಾರ್ಥಿಗಳ ಕರ್ತವ್ಯ ಮೊದಲಾದ ಘನವಾದ ವಿಷಯಗಳ ಮೇಲೆ ಲೇಖನಗಳು ಬರುವುದು ವಾಡಿಕೆ. ಅಂಥ ಪಂಕ್ತಿಯಲ್ಲಿ ತಗಡಿನ ಪೆಟ್ಟಿಗೆಯೊಂದನ್ನು ತಂದು ಕೂರಿಸಿದರೆ ವಾಚಕರು ನಕ್ಕಾರು. ಆದರೆ ಕಳೆದ ಒಂದು ವರ್ಷದಲ್ಲಿ ನನ್ನನ್ನು ಹೆಚ್ಚಿನ ಯೋಚನೆಗೆ ಹಚ್ಚಿದ ವಸ್ತು ಅದೇ. ಆದುದರಿಂದ ದೊಡ್ಡ ವಿಷಯವೊಂದನ್ನು ಎರವಲು ತಂದು ಬರೆಯುವುದಕ್ಕಿಂತ ನನಗೆ ತಿಳಿದದ್ದನ್ನು ಬರೆಯುವುದೇ ಲೇಸೆಂದು ತೋರಿತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸಿಕೊಳ್ಳಬೇಕೆಂದಿರುವ, ಕೈಯಲ್ಲಿ ಹೆಚ್ಚು ಹಣವಿಲ್ಲದ ವಿದ್ಯಾರ್ಥಿಯು ಅದರ ಪೆಟ್ಟಿಗೆಯನ್ನು ಹೇಗೆ ಆರಿಸಬೇಕು ಎಂಬುದೇ ಆ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥವರು ಪೆಟ್ಟಿಗೆಯ ಅಂದಕ್ಕೆ ಕೊಡುವ ದುಡ್ಡು ದಂಡ; ಅದರ ಗಾಳಿಗೆ, ಅದರ ಧೂಳಿನ ಜಾಲರಿಗೆ, ಅದನ್ನು ನೆಲಕ್ಕೆ ಜೋಡಿಸುವ ತಂತಿಗೆ ಕೊಡುವ ದುಡ್ಡು ಸಾರ್ಥಕ.

ನಮ್ಮದು ರಟ್ಟೀಹಳ್ಳಿಯ ಸಮೀಪದ ಒಕ್ಕಲುತನದ ಮನೆ. ಮಳೆಯನ್ನೇ ನಂಬಿದ ಮೂರು ಎಕರೆ ಹೊಲ. ಒಂದು ವರ್ಷ ಗೋವಿನಜೋಳ, ಒಂದು ವರ್ಷ ಹತ್ತಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ೨೦೨೦ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ನನಗೂ ನನ್ನ ತಂಗಿಗೂ ಇದ್ದದ್ದು ಒಂದೇ ಮೊಬೈಲು. ಅಪ್ಪ ಅದನ್ನು ಹೊಲಕ್ಕೆ ಒಯ್ದ ದಿನ ಇಬ್ಬರಿಗೂ ಪಾಠವಿಲ್ಲ; ಮನೆಯಲ್ಲಿಟ್ಟ ದಿನ ಒಬ್ಬರಿಗೆ ಮಾತ್ರ ಪಾಠ. ಆ ವರ್ಷ ತಂಗಿ ತನ್ನ ಸರದಿಯನ್ನು ಎಷ್ಟೋ ಸಲ ನನಗೆ ಬಿಟ್ಟುಕೊಟ್ಟಳು. ಆ ಋಣ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಮುಂದೆ ಎರಡು ವರ್ಷ ರಜೆಯ ದಿನಗಳಲ್ಲಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೂಲಿ ಮಾಡಿ ೧೧,೦೦೦ ರೂಪಾಯಿ ಕೂಡಿಸಿದೆ. ಗೋವಿನಜೋಳ ಮಾರಿದ ಮೇಲೆ ಅಪ್ಪ ೯,೦೦೦ ರೂಪಾಯಿ ಸೇರಿಸಿದ. ಹೀಗೆ ಒಟ್ಟು ೨೦,೦೦೦ ರೂಪಾಯಿ ನಮ್ಮ ಬಂಡವಾಳವಾಯಿತು.

“ಲ್ಯಾಪ್‌ಟಾಪ್ ಕೊಳ್ಳಬಾರದಿತ್ತೇ?” ಎಂದು ನಮ್ಮ ಉಪನ್ಯಾಸಕರೊಬ್ಬರು ಕೇಳಿದರು. ಪ್ರಶ್ನೆ ಯೋಗ್ಯವಾದದ್ದೇ. ಲ್ಯಾಪ್‌ಟಾಪಿಗೆ ಬ್ಯಾಟರಿಯುಂಟು, ಕರೆಂಟು ಹೋದರೆ ಕೆಲಸ ನಿಲ್ಲುವುದಿಲ್ಲ. ಊರೂರು ತಿರುಗುವವನಿಗೆ ಅದೇ ಮೇಲು. ಆದರೆ ಅದರ ಒಂದು ಭಾಗ ಕೆಟ್ಟರೆ ಅದಕ್ಕೇ ಹೊಂದುವ ಭಾಗವನ್ನು ಹುಡುಕಬೇಕು. ರಿಪೇರಿಗಾಗಿ ದೂರದ ಪೇಟೆಗೆ ಒಯ್ಯಬೇಕು. ಜೋಡಿಸಿದ ಯಂತ್ರದಲ್ಲಿ ಕೆಟ್ಟ ಭಾಗವೊಂದನ್ನೇ ತೆಗೆದು ಬೇರೆಯದನ್ನು ಹಾಕಬಹುದು. ಒಂದು ತಿರುಗುಳಿ ಸಾಕು. ಎತ್ತಿನ ಗಾಡಿಯ ಕೀಲು ಸವೆದರೆ ಕೀಲು ಬದಲಿಸುತ್ತೇವೆಯೇ ಹೊರತು ಗಾಡಿಯನ್ನು ಮಾರುವುದಿಲ್ಲ. ಮನೆಯಲ್ಲಿ ಒಂದು ಕಡೆ ಕೂತು ಇಬ್ಬರು ಮೂವರು ಸರದಿಯ ಮೇಲೆ ಬಳಸುವ ನಮ್ಮಂಥವರಿಗೆ ಇದೇ ತಕ್ಕದ್ದೆಂದು ನಿಶ್ಚಯಿಸಿದೆ.

ಇನ್ನು ಪೆಟ್ಟಿಗೆಯ ವಿಚಾರ. ನಮ್ಮ ಕಡೆಯಲ್ಲಿ ಇಡೀ ಪೆಟ್ಟಿಗೆಯನ್ನು ‘ಸಿಪಿಯು’ ಎಂದು ಕರೆಯುವ ರೂಢಿಯಿದೆ. ಇದು ತಪ್ಪು. ಸಿಪಿಯು ಎಂದರೆ ಒಳಗಿರುವ ಅಂಗೈಗಿಂತ ಚಿಕ್ಕದಾದ ಒಂದು ಬಿಲ್ಲೆ. ಲೆಕ್ಕವನ್ನೆಲ್ಲ ಮಾಡುವುದು ಅದು. ಹೊರಗಿನ ತಗಡಿನ ಮನೆಗೆ ಅಂಗಡಿಯವರು ‘ಕ್ಯಾಬಿನೆಟ್’ ಎನ್ನುತ್ತಾರೆ. ಕ್ಯಾಬಿನೆಟ್ ಲೆಕ್ಕ ಮಾಡುವುದಿಲ್ಲ, ಯಂತ್ರದ ವೇಗವನ್ನು ಹೆಚ್ಚಿಸುವುದಿಲ್ಲ, ನೆನಪಿಟ್ಟುಕೊಳ್ಳುವುದೂ ಇಲ್ಲ. ಹಾಗಾದರೆ ಯಾವುದಾದರೂ ನಡೆದೀತು ಎಂದುಕೊಳ್ಳುವವರುಂಟು. ಮೊದಲು ನಾನೂ ಹಾಗೆಯೇ ತಿಳಿದಿದ್ದೆ.

ಎಲ್ಲಿಯೋ ಕೊಂಡ ಪೆಟ್ಟಿಗೆಗೆ ಇನ್ನೆಲ್ಲಿಯೋ ಕೊಂಡ ಮದರ್‌ಬೋರ್ಡು ಹೇಗೆ ಹೊಂದುತ್ತದೆ ಎಂಬುದು ತಿಳಿಯಬೇಕಾದ ಸಂಗತಿ. ೧೯೮೧ರಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ರಚನೆಯನ್ನು ಮುಚ್ಚಿಡಲಿಲ್ಲ. ಬೇರೆಯವರೂ ಅದಕ್ಕೆ ಹೊಂದುವ ಭಾಗಗಳನ್ನು ತಯಾರಿಸತೊಡಗಿದರು. ೧೯೯೫ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು. ಪೂರ್ಣ ಎಟಿಎಕ್ಸ್ ಮದರ್‌ಬೋರ್ಡು ೩೦೫ ಮಿಲಿಮೀಟರ್ ಉದ್ದ, ೨೪೪ ಮಿಲಿಮೀಟರ್ ಅಗಲ. ಅದರ ತಮ್ಮನಂತಿರುವ ಮೈಕ್ರೋ ಎಟಿಎಕ್ಸ್ ಎರಡೂ ಕಡೆಗೆ ೨೪೪ ಮಿಲಿಮೀಟರ್. ಇವೆರಡಕ್ಕಿಂತ ಕಿರಿದಾದ ಮಿನಿ ಐಟಿಎಕ್ಸ್ ೧೭೦ ಮಿಲಿಮೀಟರಿನ ಚೌಕ. ಸ್ಕ್ರೂ ಹಾಕುವ ತೂತುಗಳ ಸ್ಥಾನವೂ ಗೊತ್ತಾದದ್ದೇ. ದೊಡ್ಡ ಪೆಟ್ಟಿಗೆಯಲ್ಲಿ ಚಿಕ್ಕ ಬೋರ್ಡು ಕೂಡುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಬೋರ್ಡು ಕೂಡದು. ಮೂವತ್ತು ವರ್ಷ ಕಳೆದರೂ ಈ ಅಳತೆ ಬದಲಾಗಿಲ್ಲ. ಒಳಗಿನ ಭಾಗಗಳು ಐದಾರು ವರ್ಷಗಳಲ್ಲಿ ಹಳತಾಗುತ್ತವೆ. ಪೆಟ್ಟಿಗೆ ಮಾತ್ರ ಎರಡು ಮೂರು ಯಂತ್ರಗಳ ಆಯುಷ್ಯವನ್ನು ಕಾಣಬಲ್ಲದು. ಆದುದರಿಂದ ಅದನ್ನು ಕಣ್ಣುಮುಚ್ಚಿ ಕೊಳ್ಳುವುದು ಸರಿಯಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಚೇರಿಗಳು ಮಾರಿದ ಹಳೆಯ ಯಂತ್ರಗಳ ಬೋರ್ಡುಗಳು ಪೇಟೆಯಲ್ಲಿ ಅಗ್ಗವಾಗಿ ದೊರೆಯುತ್ತವೆ. ಅವುಗಳಲ್ಲಿ ಕೆಲವನ್ನು ಆಯಾ ಕಂಪನಿಯವರು ತಮ್ಮದೇ ಅಳತೆಯಲ್ಲಿ ಮಾಡಿರುತ್ತಾರೆ; ಅವು ಸಾಮಾನ್ಯ ಪೆಟ್ಟಿಗೆಗೆ ಹೊಂದುವುದಿಲ್ಲ. ಬೋರ್ಡಿನ ಅಳತೆ, ತೂತುಗಳು, ವಿದ್ಯುತ್ತಿನ ಕೊಂಡಿ, ಇವನ್ನು ನೋಡಿಯೇ ಕೊಳ್ಳಬೇಕು.

ನಾನು ಬಳಸಿದ ಮೈಕ್ರೋ ಎಟಿಎಕ್ಸ್ ಬೋರ್ಡು, ಪ್ರೊಸೆಸರ್, ೮ ಜಿಬಿ ರ್‍ಯಾಮ್, ಇಷ್ಟನ್ನೂ ಸೇರಿಸಿ ೭,೫೦೦ ರೂಪಾಯಿಗೆ ಕೊಂಡೆ. ಇವು ಒಬ್ಬರು ಬಳಸಿ ಬಿಟ್ಟವು, ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಪರಿಚಯದವರ ಕೈಯಲ್ಲಿ ತರಿಸಿಕೊಂಡೆ. ಉಳಿದದ್ದಕ್ಕಾಗಿ ಅಪ್ಪನೂ ನಾನೂ ಬಸ್ಸು ಹತ್ತಿ ಹಾವೇರಿಯ ಮೇಲೆ ಹುಬ್ಬಳ್ಳಿಗೆ ಹೋದೆವು. ಅಪ್ಪನನ್ನು ಕರೆದುಕೊಂಡು ಹೋಗಲು ನನಗೆ ಒಳಗೊಳಗೇ ಸಂಕೋಚವಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಧೋತರ, ಹೆಗಲ ಮೇಲೆ ಟವೆಲು, ಕಾಲಲ್ಲಿ ಹೊಲದ ಚಪ್ಪಲಿ. ಈ ವಿಷಯದಲ್ಲಿ ಆತನಿಗೇನು ತಿಳಿದೀತು ಎಂದು ನನ್ನ ಎಣಿಕೆ.

ಅಂಗಡಿಯವನು ನಮ್ಮ ಮುಂದೆ ಎರಡು ಪೆಟ್ಟಿಗೆಗಳನ್ನಿಟ್ಟ. ಮೊದಲನೆಯದು ಮುಂದೆಯೂ ಪಕ್ಕದಲ್ಲಿಯೂ ಗಾಜಿನದು. ಒಳಗೆ ಮೂರು ಫ್ಯಾನುಗಳು. ಕೆಂಪು, ಹಸಿರು, ನೀಲಿ ಬಣ್ಣದ ಬೆಳಕು ಜಾತ್ರೆಯ ತೊಟ್ಟಿಲಿನಂತೆ ತಿರುಗುತ್ತಿತ್ತು. ಬೆಲೆ ೪,೨೦೦ ರೂಪಾಯಿ; ವಿದ್ಯುತ್ತನ್ನು ಪೂರೈಸುವ ಎಸ್‌ಎಂಪಿಎಸ್ ಅದರೊಡನೆ ಪುಕ್ಕಟೆ. ಎರಡನೆಯದು ಕಪ್ಪು ಬಣ್ಣದ ಸಾದಾ ಪೆಟ್ಟಿಗೆ. ಮುಂದೆ ತೂತುತೂತಾದ ಲೋಹದ ಜಾಲರಿ, ಹಿಂದೆ ಒಂದೇ ಫ್ಯಾನು. ಬೆಲೆ ೧,೯೦೦ ರೂಪಾಯಿ. ಎಸ್‌ಎಂಪಿಎಸ್ ಬೇರೆ ಕೊಳ್ಳಬೇಕು. ಒಳ್ಳೆಯ ಎಸ್‌ಎಂಪಿಎಸ್‌ಗೆ ೨,೩೦೦ ರೂಪಾಯಿ. ಲೆಕ್ಕ ಹಾಕಿದರೆ ಎರಡು ಕಡೆಗೂ ಅದೇ ೪,೨೦೦! ನಿಜ ಹೇಳುವುದಾದರೆ ನನ್ನ ಮನಸ್ಸು ಗಾಜಿನ ಕಡೆಗೆ ವಾಲಿತು. ಮನೆಗೆ ಬಂದ ಗೆಳೆಯರು ನೋಡಿ ಬೆರಗಾದಾರು ಎಂಬ ಆಸೆ.

ಅಪ್ಪ ಕೂತು, ಟವೆಲಿನಿಂದ ಕೈ ಒರೆಸಿಕೊಂಡು, ಗಾಜಿನ ಪೆಟ್ಟಿಗೆಯ ಸುತ್ತಲೂ ಬೆರಳಾಡಿಸಿ ನೋಡಿದ. ಆಮೇಲೆ ಕೇಳಿದ: “ತಮ್ಮಾ, ಇದರಾಗಿನ ಸಾಮಾನು ಕಾಯತಾವು ಅಂದಿದ್ದಿ. ಮತ್ತ ಗಾಳಿ ಎಲ್ಲಿಂದ ಹೊಗತೈತಿ?”

“ಮುಂದಿನಿಂದ, ಅಪ್ಪಾ.”

“ಮುಂದ ಗಾಜು ಬಡದಾರಲ್ಲೋ. ಉಳ್ಳಾಗಡ್ಡಿ ಇಟ್ರ ಸೈತ ಕೆಳಗ ಗಾಳಿ ಆಡಲಿ ಅಂತ ಅಟ್ಟ ಕಟ್ತೀವಿ. ಇದರ ಮಾರಿನ ಮುಚ್ಚಿದ್ರ ಇದು ಉಸಿರ ಹ್ಯಾಂಗ ಆಡಬೇಕು?”

ಅಂಗಡಿಯವನು ನಕ್ಕು, “ಯಜಮಾನ್ರು ಹೇಳೋದು ಖರೇ ಐತ್ರಿ. ಆದ್ರ ಈಗಿನ ಹುಡುಗರು ಇದನ್ನ ಕೇಳ್ತಾರ” ಎಂದ. ನಾನು ತಲೆ ತಗ್ಗಿಸಿದೆ. ಪುಸ್ತಕ ಓದಿದ ನನಗೆ ಹೊಳೆಯದ ಪ್ರಶ್ನೆ, ಉಳ್ಳಾಗಡ್ಡಿ ಕಾಯ್ದಿಟ್ಟು ಮಾರಿದವನಿಗೆ ಮೊದಲು ಹೊಳೆಯಿತು. ಅಂದು ನಾವು ಸಾದಾ ಪೆಟ್ಟಿಗೆಯನ್ನೂ ಬೇರೆಯಾದ ಎಸ್‌ಎಂಪಿಎಸ್ಸನ್ನೂ ಕೊಂಡು ತಂದೆವು.

ಅಪ್ಪನ ಪ್ರಶ್ನೆಯಲ್ಲಿ ಈ ಶಾಸ್ತ್ರದ ಅರ್ಧ ಅಡಗಿದೆಯೆಂದು ಆಮೇಲೆ ತಿಳಿಯಿತು. ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಆ ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಯ್ದುಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹಣ ಕೊಟ್ಟು ವೇಗವನ್ನು ಕೊಂಡು, ಗಾಜು ಹಾಕಿ ಅದನ್ನು ಕಳೆದುಕೊಳ್ಳುವುದು ಜಾಣತನವೇ? ತಣ್ಣನೆಯ ಗಾಳಿ ಮುಂದಿನಿಂದ ಬಂದು, ಬಿಸಿಗಾಳಿ ಹಿಂದಿನಿಂದಲೂ ಮೇಲಿನಿಂದಲೂ ಹೋಗಬೇಕು. ಮುಂದೆ ಜಾಲರಿ ಇದ್ದರೆ ಪಕ್ಕದಲ್ಲಿ ಗಾಜಿದ್ದರೂ ಬಾಧಕವಿಲ್ಲ. ಮುಂಭಾಗವೇ ಮುಚ್ಚಿದ್ದರೆ ಒಳಗೆ ಎಷ್ಟು ಬಣ್ಣದ ಫ್ಯಾನುಗಳಿದ್ದರೂ ಪ್ರಯೋಜನ ಅಷ್ಟಕ್ಕಷ್ಟೇ.

ಎರಡನೆಯದು ಧೂಳು. ಸುಗ್ಗಿಯಲ್ಲಿ ರಟ್ಟೀಹಳ್ಳಿಯ ಸುತ್ತಿನ ರಸ್ತೆಗಳಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋವಿನಜೋಳದ ರಾಶಿಯ ಯಂತ್ರ ತಿರುಗತೊಡಗಿದರೆ ತೂರಿದ ಹೊಟ್ಟು ಅಡುಗೆಮನೆಯ ಡಬ್ಬಿಯೊಳಗೂ ಸೇರುತ್ತದೆ. ಗಾಳಿ ಬರುವ ದಾರಿಯಲ್ಲಿಯೇ ಧೂಳೂ ಬರುತ್ತದೆ. ಆದುದರಿಂದ ಜಾಲರಿಯ ಹಿಂದೆ ಕಳಚಿ ತೊಳೆಯಬಹುದಾದ ನಯವಾದ ಸೋಸುಬಲೆ ಇರುವ ಪೆಟ್ಟಿಗೆಯನ್ನೇ ಆರಿಸಬೇಕು. ಒಳಗೆ ನೂಕುವ ಗಾಳಿ ಹೊರಗೆ ಎಳೆಯುವ ಗಾಳಿಗಿಂತ ತುಸು ಹೆಚ್ಚಿರುವಂತೆ ಫ್ಯಾನುಗಳನ್ನು ಹಾಕಿದರೆ, ಸಂದುಗೊಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ; ಧೂಳು ಕದ್ದು ನುಗ್ಗುವುದು ಕಡಿಮೆಯಾಗುತ್ತದೆ. ನಾನು ಆಮೇಲೆ ಮುಂಭಾಗಕ್ಕೆ ೧೨೦ ಮಿಲಿಮೀಟರಿನ ಎರಡು ಸಾದಾ ಫ್ಯಾನುಗಳನ್ನು ಸೇರಿಸಿದೆ. ಹದಿನೈದು ದಿನಕ್ಕೊಮ್ಮೆ ಸೋಸುಬಲೆಯನ್ನು ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕುವುದು ತಂಗಿಯ ಪಾಲಿನ ಕೆಲಸ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಹಲಗೆಯ ಮೇಲಿಟ್ಟಿದ್ದೇವೆ.

ಮೂರನೆಯದು ‘ಪುಕ್ಕಟೆ’ ಎಸ್‌ಎಂಪಿಎಸ್. ಗೋಡೆಯಿಂದ ಬರುವ ೨೩೦ ವೋಲ್ಟನ್ನು ೧೨, ೫ ಮತ್ತು ೩.೩ ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವುದು ಇದರ ಕೆಲಸ. ಅದು ಕೆಟ್ಟರೆ ತಾನೊಂದೇ ಹೋಗದೆ ಬೋರ್ಡನ್ನೂ ಜೊತೆಗೆ ಒಯ್ಯಬಹುದು. ನಮ್ಮ ಕಡೆ ವೋಲ್ಟೇಜು ಏರುತ್ತ ಇಳಿಯುತ್ತ ಇರುವುದು ಎಲ್ಲರೂ ಬಲ್ಲ ಮಾತು. ಪೆಟ್ಟಿಗೆಯೊಡನೆ ಬರುವ ಅಗ್ಗದ ಎಸ್‌ಎಂಪಿಎಸ್‌ಗಳ ಚೀಟಿಯ ಮೇಲೆ ದೊಡ್ಡ ವ್ಯಾಟುಗಳನ್ನು ಬರೆದಿರುತ್ತಾರೆ. ಬರೆದದ್ದನ್ನೆಲ್ಲ ಅವು ಕೊಡುತ್ತವೆಂದು ನಂಬಲಾಗದು. ‘೮೦ ಪ್ಲಸ್’ ಎಂಬ ಪ್ರಮಾಣದ ಗುರುತು ಪಡೆದದ್ದನ್ನು ಬೇರೆಯಾಗಿ ಕೊಳ್ಳುವುದು ಕ್ಷೇಮ. ಅದೇ ೪,೨೦೦ ರೂಪಾಯಿಯಲ್ಲಿ ಒಬ್ಬನು ಬೆಳಕನ್ನು ಕೊಳ್ಳುತ್ತಾನೆ, ಇನ್ನೊಬ್ಬನು ಭದ್ರತೆಯನ್ನು ಕೊಳ್ಳುತ್ತಾನೆ.

ಆದರೆ ಭದ್ರತೆಯ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳದಿದ್ದರೆ ಈ ಲೇಖನ ಬರೆದು ಫಲವಿಲ್ಲ. ಯಂತ್ರವನ್ನು ಜೋಡಿಸಿ ಹಚ್ಚಿದ ಮೂರನೆಯ ದಿನ. ಅವ್ವ ಆಗತಾನೇ ನೆಲ ಸಾರಿಸಿದ್ದಳು. ತಂಗಿ ಬರಿಗಾಲಲ್ಲಿ ನಿಂತು ಪೆಟ್ಟಿಗೆಯ ಹಿಂದಿನ ಸ್ಕ್ರೂ ಮುಟ್ಟಿದವಳು ಚಟ್ಟನೆ ಕೈ ಎಳೆದುಕೊಂಡು, “ಅಣ್ಣಾ, ಕೈ ಜುಮ್ ಅಂತು!” ಎಂದಳು. ನಾನು ಟೆಸ್ಟರ್ ಹಚ್ಚಿ ನೋಡಿದೆ. ಅದರ ದೀಪ ಮಿಣುಕಿತು. ನನ್ನ ಎದೆ ಧಸಕ್ಕೆಂದಿತು. ಸರದಿ ಬಿಟ್ಟುಕೊಟ್ಟ ತಂಗಿಯ ಋಣ ತೀರಿಸಲೆಂದು ತಂದ ಯಂತ್ರ ಅವಳ ಕೈಗೇ ಕರೆಂಟು ಮುಟ್ಟಿಸಿತಲ್ಲ!

ತಪ್ಪು ಅಂಗಡಿಯವನದಲ್ಲ, ಯಂತ್ರದ್ದೂ ಅಲ್ಲ. ನಮ್ಮ ಮನೆಯ ಗೋಡೆಯಲ್ಲಿ ಮೂರನೆಯ ತಂತಿಯೇ ಇರಲಿಲ್ಲ. ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನದಕ್ಕೆ ಹೊಂದಿಸುವ ಹತ್ತು ರೂಪಾಯಿಯ ತುಂಡೊಂದನ್ನು ನಾನು ಹಾಕಿದ್ದೆ. ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಎರಡು ಚಿಕ್ಕ ಕೆಪಾಸಿಟರುಗಳನ್ನು ಪೆಟ್ಟಿಗೆಯ ಲೋಹಕ್ಕೆ ಕೂಡಿಸಿರುತ್ತಾರೆ. ಅವುಗಳ ಮೂಲಕ ಹರಿಯುವ ತೀರ ಕಿಂಚಿತ್ತಾದ ವಿದ್ಯುತ್ತು ಮೂರನೆಯ ತಂತಿಯಿಂದ ಭೂಮಿಗೆ ಇಳಿಯಬೇಕು. ಆ ತಂತಿಯಿಲ್ಲದಿದ್ದರೆ ಪೆಟ್ಟಿಗೆಯ ಲೋಹವು ಸುಮಾರು ಅರ್ಧ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ಮುಟ್ಟಿದವರ ಮೈಯೇ ಅದಕ್ಕೆ ದಾರಿಯಾಗುತ್ತದೆ. ಜುಮ್ಮೆನ್ನುವ ಇಷ್ಟರಿಂದ ಪ್ರಾಣಕ್ಕೆ ಅಪಾಯ ಬಾರದಿರಬಹುದು. ಆದರೆ ಒಳಗೆ ಎಂದಾದರೂ ತಂತಿಯೊಂದು ಸುಲಿದು ಲೋಹಕ್ಕೆ ತಗುಲಿದರೆ ೨೩೦ ವೋಲ್ಟೂ ಪೆಟ್ಟಿಗೆಯ ಮೇಲೆಯೇ ಬರುತ್ತದೆ. ಆಗ ಕಾಯುವವರು ಯಾರು?

ಕೂಡಲೇ ಪ್ಲಗ್ಗು ಕಿತ್ತು, ಊರಿನ ವೈರ್‌ಮನ್ನನನ್ನು ಕರೆತಂದೆ. ಹಿತ್ತಲಲ್ಲಿ ಅಪ್ಪನೂ ನಾನೂ ಗುಂಡಿ ತೋಡಿದೆವು. ಅದರಲ್ಲಿ ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತಲೂ ಇದ್ದಿಲು ಒಂದು ಪದರು, ಉಪ್ಪು ಒಂದು ಪದರು ತುಂಬಿ, ಅಲ್ಲಿಂದ ತಂತಿ ಎಳೆದು ಮೂರು ಕಾಲಿನ ಪ್ಲಗ್ಗಿಗೆ ಜೋಡಿಸಲಾಯಿತು. ಒಟ್ಟು ಖರ್ಚು ೧,೫೦೦ ರೂಪಾಯಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಬೇಕು. ಸೋರುವ ವಿದ್ಯುತ್ತನ್ನು ಗುರುತಿಸಿ ತಾನೇ ಕಡಿದುಹಾಕುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನೂ ಕೂರಿಸಿದರೆ ಪೂರ್ಣ ರಕ್ಷಣೆ ಎಂದು ವೈರ್‌ಮನ್ ಹೇಳಿದ್ದಾನೆ. ಮುಂದಿನ ಸುಗ್ಗಿಗೆ ಅದೂ ಆಗಬೇಕು. ಈಗ ಟೆಸ್ಟರ್ ಹಚ್ಚಿದರೆ ದೀಪ ಮಿಣುಕುವುದಿಲ್ಲ. ಪೆಟ್ಟಿಗೆಯ ಬೆಲೆ ೧,೯೦೦ ಎಂದು ಅಂಗಡಿಯ ಚೀಟಿ ಹೇಳುತ್ತದೆ. ನನ್ನ ಲೆಕ್ಕದಲ್ಲಿ ಅದು ೩,೪೦೦. ಲೋಹದ ಪೆಟ್ಟಿಗೆಯನ್ನು ಮನೆಗೆ ತರುವವನು ಅದರ ಭೂಸಂಪರ್ಕದ ಖರ್ಚನ್ನು ಪೆಟ್ಟಿಗೆಯ ಬೆಲೆಯಲ್ಲಿಯೇ ಕೂಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಎಲ್ಲಕ್ಕೂ ಅಗ್ಗವಾದದ್ದನ್ನೇ ತರಬೇಕೆಂದು ನಾನು ಹೇಳುತ್ತಿಲ್ಲ. ತೀರ ಅಗ್ಗದ ಪೆಟ್ಟಿಗೆಯ ತಗಡು ಕಾಗದದಂತೆ ಬಾಗುತ್ತದೆ; ಮಡಿಸದೆ ಬಿಟ್ಟ ಅಂಚುಗಳು ಕೈ ಕೊಯ್ಯುತ್ತವೆ; ಬೋರ್ಡನ್ನು ಎತ್ತಿಹಿಡಿಯುವ ಹಿತ್ತಾಳೆಯ ಗೂಟಗಳು ನೆಟ್ಟಗೆ ಕೂಡುವುದಿಲ್ಲ. ಅಂಗಡಿಯಲ್ಲಿ ಬಾಗಿಲು ಕಳಚಿ, ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಬೇಕು. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಎಷ್ಟು ಎತ್ತರ ಬಿಟ್ಟಿದ್ದಾರೆ, ಮುಂದೆ ಗ್ರಾಫಿಕ್ಸ್ ಕಾರ್ಡು ಸೇರಿಸಿದರೆ ಉದ್ದ ಸಾಲುವುದೇ, ಡಿಸ್ಕುಗಳಿಗೆ ಎಷ್ಟು ಮನೆಗಳಿವೆ, ಮುಂದಿನ ಯುಎಸ್‌ಬಿ ಕೊಂಡಿ ನಮ್ಮ ಬೋರ್ಡಿಗೆ ಹೊಂದುವುದೇ, ಇಷ್ಟನ್ನು ಕೇಳಿ ತಿಳಿದುಕೊಂಡರೆ ಸಾಕು.

ನನ್ನ ಸಹಪಾಠಿಯೊಬ್ಬ ಈ ವಾದವನ್ನು ಒಪ್ಪುವುದಿಲ್ಲ. “ಬಡವನಿಗೆ ಚೆಂದದ ವಸ್ತು ಬೇಡವೇ? ಕಣ್ಣಿಗೆ ಸಂತೋಷವೂ ಒಂದು ಲಾಭವಲ್ಲವೇ?” ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆಯನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ನಮ್ಮ ಊರಿನ ಕದಂಬೇಶ್ವರನ ಗುಡಿಯ ಕಂಬಗಳನ್ನು ಕಡೆದವರು ಅಂದವನ್ನು ದಂಡವೆಂದು ಭಾವಿಸಿದ್ದರೆ ಇಂದು ನಾವು ನೋಡಲು ಏನಿರುತ್ತಿತ್ತು? ಆದರೆ ಆ ಕಂಬಗಳು ಮೊದಲು ಭಾರ ಹೊರುತ್ತವೆ, ಆಮೇಲೆ ಚೆಂದ ಕಾಣುತ್ತವೆ. ಗಾಳಿ, ಧೂಳು, ಭೂಸಂಪರ್ಕ ಇವೆಲ್ಲ ಸರಿಯಾದ ಮೇಲೆ ದುಡ್ಡು ಉಳಿದರೆ ದೀಪ ಹಚ್ಚಿಕೊಳ್ಳಲಿ, ನನ್ನ ತಕರಾರಿಲ್ಲ. ದೀಪಕ್ಕಾಗಿ ಎಸ್‌ಎಂಪಿಎಸ್ಸಿನ ದುಡ್ಡನ್ನು ಮುರಿಯುವುದಕ್ಕೆ ಮಾತ್ರ ನನ್ನ ವಿರೋಧ. ಮೊದಲ ಪೀಳಿಗೆಯಲ್ಲಿ ಓದುತ್ತಿರುವ ನಮಗೆ ಈ ಆಸೆ ಹೆಚ್ಚಾಗಿ ಕಾಡುತ್ತದೆ. ನಾವೂ ಯಾರಿಗಿಂತ ಕಡಿಮೆಯಿಲ್ಲವೆಂದು ನಾಲ್ಕು ಜನರಿಗೆ ತೋರಿಸಬೇಕೆನ್ನುವ ಆಸೆ ಅದು. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನನ್ನು ಕಾಡಿದ್ದೂ ಅದೇ. ಅಪ್ಪನ ಧೋತರದ ಬಗ್ಗೆ ನನಗೆ ಸಂಕೋಚ ಹುಟ್ಟಿಸಿದ್ದೂ ಅದೇ.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಒಳಗನ್ನು ನೋಡುವ ಅವಕಾಶ ಸಿಗುವುದು ಅಪರೂಪ. ವರ್ಷಕ್ಕೆ ಒಂದು ದಿನ, ಬಳಕೆಯಿಂದ ತೆಗೆದ ಒಂದು ಯಂತ್ರವನ್ನು ಪ್ಲಗ್ಗು ಕಿತ್ತು ಮೇಜಿನ ಮೇಲಿಟ್ಟು, ನಮ್ಮ ಕೈಯಿಂದಲೇ ಬಿಚ್ಚಿಸಿ ಮತ್ತೆ ಜೋಡಿಸಲು ಕಲಿಸಬೇಕು. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾರೂ ತೆರೆಯಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು. ಅಳತೆ ಬದಲಾಗದಿರುವುದರಿಂದ ಹಳೆಯ ಪೆಟ್ಟಿಗೆ ಇನ್ನೊಂದು ಯಂತ್ರಕ್ಕೆ ಮನೆಯಾಗಬಲ್ಲದೆಂಬುದೂ ಅಂದು ಎಲ್ಲರಿಗೂ ತಿಳಿದೀತು. ನಿಯಮಾನುಸಾರ ಹರಾಜಿಗೆ ಬಂದರೆ ನಮ್ಮಲ್ಲಿ ಕೆಲವರು ಅವನ್ನು ಕೊಂಡಾರು.

ನಮ್ಮ ಮನೆಯ ಸಾದಾ ಪೆಟ್ಟಿಗೆ ಈಗ ಹಲಗೆಯ ಮೇಲೆ ಸದ್ದಿಲ್ಲದೆ ನಡೆಯುತ್ತಿದೆ. ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಅದರಲ್ಲಿ ಹಾಕಿದ್ದೇನೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ತಂಗಿ ನನಗಿಂತ ಬೇಗ ಕನ್ನಡ ಬೆರಳಚ್ಚು ಮಾಡುತ್ತಾಳೆ. ಈ ಲೇಖನವನ್ನು ನಾನು ಹೇಳುತ್ತ ಹೋದೆ, ಅವಳು ಅಚ್ಚು ಮಾಡುತ್ತ ಹೋದಳು. ತನ್ನ ಕೈ ಜುಮ್ಮೆಂದ ಭಾಗ ಬಂದಾಗ, “ಇದನ್ನ ಬಿಡಬ್ಯಾಡ ಅಣ್ಣಾ, ಓದಿದವರು ಅರ್ಥಿಂಗ್ ಮಾಡಿಸಲಿ” ಎಂದಳು. ಅವಳ ಮಾತಿನಂತೆ ಅದನ್ನು ಬಿಡದೆ ಬರೆದಿದ್ದೇನೆ.